ತಲೆ ಬಾಗುವ ಮುಂಚಿನ ಇಪ್ಪತ್ತೆರಡು ನಿಮಿಷ

ನೀವು ಮೂವರೂ ಆ ವಿಡಿಯೊವನ್ನು ನೋಡಿಲ್ಲ. ನೋಡದೆಯೇ ತೀರ್ಪು ಬರೆದು ಸಹಿ ಹಾಕಿದ್ದೀರಿ. ವಿಚಾರಣಾ ಸಮಿತಿಯ ಅಧ್ಯಕ್ಷರು, ಪರೀಕ್ಷಾ ವಿಭಾಗದ ಮುಖ್ಯಸ್ಥರು, ಕಾನೂನು ಸಲಹೆಗಾರರು, ಮೂವರೂ ಕುಳಿತು ಮೂರು ಗಂಟೆಗೂ ಮೀರಿದ ದಾಖಲೆಯಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ ನೋಡಿದ್ದೀರಿ. ಅಷ್ಟರ ಆಧಾರದ ಮೇಲೆ ನನ್ನ ಅತ್ತಿಗೆಯ ಮೂರು ವರ್ಷದ ಓದನ್ನು ಇಲ್ಲವಾಗಿಸಿದ್ದೀರಿ. ನಿಮ್ಮ ಆದೇಶದಲ್ಲಿ ‘ಕೂಲಂಕಷವಾಗಿ ಪರಿಶೀಲಿಸಲಾಗಿ’ ಎಂಬ ಮಾತಿದೆ. ಆ ಮಾತು ಸುಳ್ಳು. ಅದು ಸುಳ್ಳೆಂದು ನನಗೆ ಗೊತ್ತು, ಏಕೆಂದರೆ ಪರಿಶೀಲನೆ ನಡೆದ ಕೋಣೆಯಲ್ಲಿ ನಾನೂ ಇದ್ದೆ.

ಇದನ್ನು ಕೂಗಿ ಹೇಳುವ ಉಮೇದು ನನ್ನಲ್ಲಿ ಉಳಿದಿಲ್ಲ. ವಿಶ್ವವಿದ್ಯಾಲಯದಲ್ಲಿದ್ದಾಗ ಇಂಥ ವಿಷಯಗಳ ಬಗ್ಗೆ ವೇದಿಕೆಯ ಮೇಲೆ ನಿಂತು ಮಾತಾಡಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುವುದಷ್ಟೇ ಸಾಧ್ಯವಾಗುತ್ತಿದೆ.

ಅತ್ತಿಗೆ ಸಖರಾಯಪಟ್ಟಣದವರು. ಮದುವೆಯಾಗಿ ಅಜ್ಜಂಪುರದ ನಮ್ಮ ಮನೆಗೆ ಬಂದ ಮರುವರ್ಷವೇ ಇಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದರು. ಚೀಟಿ ಬರೆಯುವುದು, ಬಿ.ಪಿ. ನೋಡುವುದು, ಸೂಜಿಗೆ ಹೆದರುವ ಮುದುಕಿಯರ ಕೈ ಹಿಡಿದುಕೊಂಡು ಕೂರುವುದು. ವೈದ್ಯರು ಒಂದು ದಿನ, ‘ಡಿಪ್ಲೊಮಾ ಒಂದು ಮಾಡ್ಕೊಳ್ಳಮ್ಮ, ನರ್ಸ್ ಅಂತಾನೇ ತಗೋತೀನಿ’ ಎಂದರು. ಖಾಸಗಿ ಸಂಸ್ಥೆಯೊಂದು ತರೀಕೆರೆಯಲ್ಲಿ ತರಗತಿ ನಡೆಸುತ್ತಿತ್ತು. ಅದರ ಪರೀಕ್ಷಾ ವಿಭಾಗ ಕಡೂರಿನಲ್ಲಿತ್ತು. ಅತ್ತಿಗೆ ಮೂರು ವರ್ಷ ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿನಲ್ಲಿ ಓಡಾಡಿ, ಕಿಟಕಿಯ ಸೀಟು ಸಿಕ್ಕರೆ ಓದುತ್ತಾ, ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಾ ಕೊನೆಯ ಪರೀಕ್ಷೆಯವರೆಗೆ ಬಂದಿದ್ದರು.

ಸಂಸ್ಥೆಯ ನಿಯಮವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಸೇರಿದ ನಾಲ್ಕು ವರ್ಷದೊಳಗೆ ಡಿಪ್ಲೊಮಾ ಮುಗಿಯದಿದ್ದರೆ ನೋಂದಣಿಯೇ ರದ್ದಾಗುತ್ತದೆ. ಪರೀಕ್ಷೆ ನಡೆಯುವುದು ಆರು ತಿಂಗಳಿಗೊಮ್ಮೆ. ಸಮಿತಿ ಅತ್ತಿಗೆಗೆ ವಿಧಿಸಿದ ಶಿಕ್ಷೆ ‘ಈ ಪರೀಕ್ಷೆ ಅನೂರ್ಜಿತ, ಮುಂದಿನ ಮೂರು ಪರೀಕ್ಷೆಗಳಿಗೆ ನಿಷೇಧ’. ಕೇಳಲು ಒಂದೂವರೆ ವರ್ಷ. ಲೆಕ್ಕ ಹಾಕಿದರೆ ಎಲ್ಲವೂ ಹೋಯಿತು.

ನೋಟಿಸು ಬಂದ ದಿನ ಅತ್ತಿಗೆ ಅಣ್ಣನ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದರು. ಅಂಚೆಯವನಿಂದ ನಾನೇ ಸಹಿ ಹಾಕಿ ತಂದುಕೊಟ್ಟೆ. ನಿಂತುಕೊಂಡೇ ಓದಿದರು, ಮಡಚಿ ಪಕ್ಕಕ್ಕಿಟ್ಟರು, ಉಳಿದಿದ್ದ ಎರಡು ಅಂಗಿಗಳನ್ನೂ ಮುಗಿಸಿದರು. ಊಟಕ್ಕೆ ಬಂದ ಅಣ್ಣ, ಪೇಟೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು, ಗ್ರೀಸಿನ ಕೈಯನ್ನು ಇನ್ನೂ ಉಜ್ಜುತ್ತಲೇ ಕೇಳಿದ.

“ಏನಂತೆ ಅದು?”

“ನಾನು ಕಾಪಿ ಹೊಡೆಸಿದೀನಂತೆ.”

“ಯಾರಿಗೆ?”

“ಅದನ್ನ ಬರ್ದಿಲ್ಲ.”

“ಲೇ, ನಿಂಗೇ ಬರಲ್ಲ ಅಂತ ಹಿಂದಿನ ದಿನ ಮೂಗು ಒರೆಸ್ಕೊಂಡು ಕೂತಿದ್ದೆ. ಇನ್ನೊಬ್ರಿಗೆ ಏನ್ ಹೇಳ್ಕೊಟ್ಟೆ?”

ಅತ್ತಿಗೆ ನಕ್ಕರು. ಅವರು ನಕ್ಕಿದ್ದನ್ನು ಕಂಡು ಅಣ್ಣ ವಿಷಯ ಹಗುರವಾದುದೆಂದುಕೊಂಡು ಊಟ ಮಾಡಿ ಹೋದ. ನಾನು ನೋಟಿಸನ್ನು ಬಿಡಿಸಿ ನೋಡಿದೆ. ಪರೀಕ್ಷೆಯ ದಿನ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಯಾರೋ ಕೋಣೆಯ ಹೊರಗಿನಿಂದ, ಕಿಟಕಿಯ ಕಂಬಿಗಳ ನಡುವೆ ಹಿಡಿದ ಪ್ರಶ್ನೆಪತ್ರಿಕೆಯ ಫೋಟೊ ತೆಗೆದಿದ್ದಾರೆ. ಆ ಫೋನು ಸಿಕ್ಕಿದೆ, ಫೋಟೊ ತೆಗೆದ ಸಮಯ ಅದರಲ್ಲಿದೆ. ಅದೇ ಸಮಯಕ್ಕೆ ಅಭ್ಯರ್ಥಿಯು ಎದ್ದು ಕಿಟಕಿಯ ಬಳಿ ಹೋಗಿ ಕೈಯನ್ನು ಹೊರಗೆ ಚಾಚಿರುವುದು ಕ್ಯಾಮೆರಾದಲ್ಲಿ ದಾಖಲಾಗಿದೆ. ಜೊತೆಗೊಂದು ಬೂದುಬಣ್ಣದ ಮುದ್ರಿತ ಚಿತ್ರ. ಬೆನ್ನು, ಜಡೆ, ಕಂಬಿಗಳ ಆಚೆ ಚಾಚಿದ ಕೈ. ಚಿತ್ರದ ಮೂಲೆಯಲ್ಲಿ ಒಂದು ಎಣಿಕೆ: ಐವತ್ತೆರಡು ನಿಮಿಷ ಹದಿನಾಲ್ಕು ಸೆಕೆಂಡು. ಪರೀಕ್ಷೆ ಆರಂಭವಾದದ್ದು ಹತ್ತೂವರೆಗೆ; ಗಂಟೆ ಹೊಡೆದ ಕೂಡಲೇ ಕ್ಯಾಮೆರಾ ಆನ್ ಆಗಬೇಕೆಂಬುದು ಸಂಸ್ಥೆಯ ಆದೇಶವೆಂದೂ ನೋಟಿಸಿನಲ್ಲಿತ್ತು. ಹತ್ತೂವರೆಗೆ ಐವತ್ತೆರಡು ಕೂಡಿದರೆ ಹನ್ನೊಂದೂ ಇಪ್ಪತ್ತೆರಡು. ಲೆಕ್ಕ ಸರಿಯಾಗಿತ್ತು.

“ಇದು ನೀವೇನಾ ಅತ್ತಿಗೆ?”

“ನಾನೇ. ಕಿಟಕಿ ಹಾಕ್ತಿದೀನಿ.”

ತರೀಕೆರೆಯ ಆ ಪರೀಕ್ಷಾ ಕೇಂದ್ರ ಹಳೆಯ ಕಟ್ಟಡ. ಕಿಟಕಿಗೆ ಮರದ ಬಾಗಿಲು, ಅವು ತೆರೆಯುವುದು ಹೊರಮುಖವಾಗಿ. ಮುಚ್ಚಬೇಕೆಂದರೆ ಕಂಬಿಯ ನಡುವೆ ಕೈ ಹೊರಗೆ ಹಾಕಿ ಬಾಗಿಲನ್ನು ಹಿಡಿದು ಎಳೆದುಕೊಳ್ಳಬೇಕು. ಅಂದು ಹೊರಗೆ ರಸ್ತೆಯಲ್ಲಿ ಆಟೊ ಒಂದು ಮೈಕು ಕಟ್ಟಿಕೊಂಡು ಸೀರೆಗಳ ರಿಯಾಯಿತಿ ಮಾರಾಟವನ್ನು ಸಾರುತ್ತಾ ನಿಂತುಬಿಟ್ಟಿತ್ತಂತೆ. ಮೇಲ್ವಿಚಾರಕರು, ಕಿಟಕಿಗೆ ಹತ್ತಿರವಿದ್ದ ಅತ್ತಿಗೆಗೆ, ‘ಆ ಕಿಟಕಿ ಹಾಕಮ್ಮ’ ಎಂದರು. ಅತ್ತಿಗೆ ಎದ್ದು ಹಾಕಿ ಬಂದರು. ಇಷ್ಟೇ.

ವಿಚಾರಣೆ ಕಡೂರಿನಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯ ಕಚೇರಿಯಲ್ಲಿ ನಡೆಯಿತು. ಅಭ್ಯರ್ಥಿಯ ಜೊತೆ ಒಬ್ಬರು ಬರಬಹುದೆಂದಿದ್ದುದರಿಂದ ನಾನು ಹೋದೆ. ಗೋಡೆಯುದ್ದಕ್ಕೂ ಬಟ್ಟೆಯಲ್ಲಿ ಹೊಲಿದ ಉತ್ತರಪತ್ರಿಕೆಗಳ ಗಂಟುಗಳು. ಒಂದು ಮೇಜಿಗೆ ಮೂವರು. ಮೂಲೆಯ ಕಂಪ್ಯೂಟರಿನ ಮುಂದೆ, ಹಣೆಗೆ ವಿಭೂತಿ ಇಟ್ಟ ನಡುವಯಸ್ಸಿನ ಆಪರೇಟರು. ಪರೀಕ್ಷೆಯ ದಿನಗಳಲ್ಲಿ ಕೇಂದ್ರಕ್ಕೆ ಹೋಗಿ ಕ್ಯಾಮೆರಾ ಚಾಲೂ ಮಾಡುವವರೂ, ಸಂಜೆ ಅದರ ಡಿಸ್ಕನ್ನು ಕಡೂರಿಗೆ ತರುವವರೂ ಅವರೇ.

ಮೇಲ್ವಿಚಾರಕರು ತಮ್ಮ ಹೇಳಿಕೆಯಲ್ಲಿ ‘ನೆನಪಿಲ್ಲ’ ಎಂದು ಬರೆದುಕೊಟ್ಟಿದ್ದರು. ಅಧ್ಯಕ್ಷರು ಅದನ್ನು ಓದಿ, ಆಪರೇಟರ ಕಡೆ ತಿರುಗಿ, “ಐವತ್ತೆರಡಕ್ಕೆ ಹಾಕು” ಎಂದರು.

ಪರದೆಯನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಎಂ.ಎ. ಓದುವಾಗ ವಿಭಾಗದ ಧ್ವನಿ-ದೃಶ್ಯ ಸಂಗ್ರಹದಲ್ಲಿ ಎರಡು ವರ್ಷ ಅರೆಕಾಲಿಕ ಕೆಲಸ ಮಾಡಿದ್ದೆ. ಹಾಡುಗಾರ್ತಿಯರ ಹಳೆಯ ರೆಕಾರ್ಡಿಂಗುಗಳನ್ನು ಕತ್ತರಿಸಿ, ಜೋಡಿಸಿ, ಪಟ್ಟಿ ಮಾಡುವ ಕೆಲಸ. ಅಲ್ಲಿಯೂ ಇಂಥದೇ ಪ್ರೋಗ್ರಾಂ ಇತ್ತು. ಅದರಲ್ಲಿ ಒತ್ತಲು ಗುಂಡಿಗಳಿಲ್ಲ, ಮೌಸಿನಿಂದ ಎಳೆಯಲು ಗೆರೆಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಅದು ಕ್ಯಾಮೆರಾದ ತುಂಡುತುಂಡು ಫೈಲುಗಳನ್ನು ಜೋಡಿಸಿಕೊಂಡು, ಮಬ್ಬನ್ನು ತಿಳಿಗೊಳಿಸಿ, ಮೂಲೆಯಲ್ಲಿ ಎಣಿಕೆ ಮೂಡಿಸುತ್ತಾ ಓಡತೊಡಗುತ್ತದೆ. ಓಡುತ್ತಿರುವಾಗಲೇ ಅದಕ್ಕೆ ಮತ್ತೊಂದು ಸಾಲು ಟೈಪ್ ಮಾಡಿ, ಇಂಥ ಜಾಗಕ್ಕೆ ಹೋಗು ಎನ್ನಬಹುದು. ‘ಸೀಕ್’ ಎಂಬ ಪದ, ಸೆಕೆಂಡುಗಳಲ್ಲಿ ಒಂದು ಸಂಖ್ಯೆ, ಕೊನೆಗೆ ಇನ್ನೊಂದು ಅಂಕಿ. ಕೊನೆಯ ಅಂಕಿ ಸೊನ್ನೆಯಾದರೆ ಈಗ ಇರುವಲ್ಲಿಂದ ಅಷ್ಟು ಮುಂದಕ್ಕೆ. ಒಂದಾದರೆ ಒಟ್ಟು ಅವಧಿಯಲ್ಲಿ ಶೇಕಡಾ ಅಷ್ಟಕ್ಕೆ. ಎರಡಾದರೆ ಫೈಲಿನ ಆರಂಭದಿಂದ ಎಣಿಸಿ ಅಷ್ಟಕ್ಕೆ. ಆಪರೇಟರು ತಮ್ಮ ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಕೊನೆಯದೊಂದನ್ನೇ ಬರೆದಿಟ್ಟುಕೊಂಡಿದ್ದರು. ಐವತ್ತೆರಡನ್ನು ಅರವತ್ತರಿಂದ ಗುಣಿಸಿ, ಮೂರು ಸಾವಿರದ ನೂರಿಪ್ಪತ್ತು ಎಂದು ಬೆರಳಿಟ್ಟು ಒತ್ತಿದರು.

ಚಿತ್ರ ಹಾರಿತು. ಮೂಲೆಯ ಎಣಿಕೆ ಐವತ್ತೊಂದು ನಿಮಿಷ ಐವತ್ತಾರು ಸೆಕೆಂಡು ತೋರಿಸಿತು.

“ಐವತ್ತೆರಡು ಅಂದ್ರೆ ಐವತ್ತೊಂದು ಬಂತಲ್ರೀ?” ಎಂದರು ಕಾನೂನು ಸಲಹೆಗಾರರು.

“ಅದು ಹಂಗೇ ಸಾರ್. ಪೂರ್ತಿ ಚಿತ್ರ ಎಲ್ಲಿರುತ್ತೋ ಅಲ್ಲಿಗೆ ಸ್ವಲ್ಪ ಹಿಂದಕ್ಕೆ ಹೋಗಿ ನಿಲ್ಲುತ್ತೆ.”

“ಇರ್ಲಿ ಬಿಡಿ, ನಾಲ್ಕು ಸೆಕೆಂಡು ಏನ್ ಮಹಾ.”

ಅತ್ತಿಗೆ ಎದ್ದರು, ಪರದೆಯ ಮೇಲೆ. ಕಿಟಕಿಗೆ ಹೋದರು, ಕೈ ಚಾಚಿದರು, ಬಾಗಿಲು ಎಳೆದುಕೊಂಡರು, ಬಂದು ಕುಳಿತರು. ನಲವತ್ತು ಸೆಕೆಂಡು. “ನಿಲ್ಸು” ಎಂದರು ಅಧ್ಯಕ್ಷರು.

“ಕಿಟಕಿ ಹಾಕಿದ್ದು ಸಾರ್,” ಎಂದರು ಎದುರು ನಿಂತಿದ್ದ ಅತ್ತಿಗೆ. “ಮತ್ತೆ ಅದು ಹನ್ನೊಂದು ಗಂಟೆಗೆ. ನನ್ನ ಕೈಯಲ್ಲಿ ವಾಚಿತ್ತು. ಇಪ್ಪತ್ತೆರಡಕ್ಕಲ್ಲ.”

“ಪರೀಕ್ಷೆ ಬರೆಯೋರು ವಾಚ್ ನೋಡ್ಕೊಂಡು ಕಿಟಕಿ ಹಾಕ್ತಾರೇನಮ್ಮ? ಇಲ್ಲಿ ಸಮಯ ಬರೆದಿದೆ, ನೋಡಿ. ಮಿಷನ್ನು ಸುಳ್ಳು ಹೇಳುತ್ತಾ?”

ನಾನು ಬಾಯಿ ತೆರೆದೆ. “ಜೊತೆಗೆ ಬಂದವರು ಮಾತಾಡುವಂತಿಲ್ಲ” ಎಂದರು ಪರೀಕ್ಷಾ ವಿಭಾಗದ ಮುಖ್ಯಸ್ಥರು. ಬಾಯಿ ಮುಚ್ಚಿದೆ. ಮೆಟ್ಟಿಲಿಳಿಯುವಾಗ ಎಡಗೈಯಿಂದ ಬಲಗೈಯನ್ನು ಹಿಸುಕಿ ನೋಡಿಕೊಂಡೆ. ನೋವು ಗೊತ್ತಾಯಿತು, ಅದಕ್ಕಿಂತ ಹೆಚ್ಚಿನದೇನೂ ಗೊತ್ತಾಗಲಿಲ್ಲ.

ಎರಡು ವಾರದಲ್ಲಿ ಆದೇಶ ಬಂತು. ಕ್ಲಿನಿಕ್ಕಿನ ವೈದ್ಯರು, ‘ಇತ್ಯರ್ಥ ಆಗೋವರೆಗೂ ಬೇರೆಯವರನ್ನ ತಗೊಳ್ಳಲ್ಲ, ಆದ್ರೆ ತುಂಬಾ ದಿನ ಕಾಯೋಕಾಗಲ್ಲಮ್ಮ’ ಎಂದರು. ಅತ್ತಿಗೆ ಆ ವಿಷಯ ಮಾತಾಡುವುದನ್ನೇ ನಿಲ್ಲಿಸಿದರು. ಮನೆಯಲ್ಲಿ ಎಲ್ಲವೂ ಮೊದಲಿನಂತೆಯೇ ನಡೆಯಿತು. ಸಾರಿಗೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಅವರ ಪುಸ್ತಕಗಳಿದ್ದ ಗೂಡಿನಲ್ಲಿ ಒಂದು ದಿನ ಬೇಳೆ ಡಬ್ಬಿಗಳಿದ್ದವು. ಪುಸ್ತಕಗಳು ಎಲ್ಲಿ ಹೋದವೆಂದು ನಾನು ಕೇಳಲಿಲ್ಲ. ಯಾರಿಗೂ ಏನೂ ಅನ್ನಿಸುತ್ತಿಲ್ಲವೆಂಬಂತೆ ನಾವು ಮೂವರೂ ಒಬ್ಬರ ಪಕ್ಕ ಒಬ್ಬರು ಕುಳಿತು ಉಣ್ಣುತ್ತಿದ್ದೆವು.

ನಾನು ಅರ್ಜಿ ಬರೆದೆ. ಪೂರ್ಣ ದಾಖಲೆಯನ್ನು ನೋಡುವ ಹಕ್ಕು ಅಭ್ಯರ್ಥಿಗೆ ಇದೆಯೆಂದು ಸಂಸ್ಥೆಯದೇ ಕೈಪಿಡಿಯಲ್ಲಿತ್ತು. ಮೂರನೆಯ ಅರ್ಜಿಗೆ ಉತ್ತರ ಬಂತು: ಎರಡು ಗಂಟೆಗಳ ಕಾಲ, ಆಪರೇಟರ ಸಮ್ಮುಖದಲ್ಲಿ, ನಕಲು ಮಾಡಿಕೊಳ್ಳದೆ ನೋಡಬಹುದು. ಅತ್ತಿಗೆ ಬರಲು ಒಪ್ಪಲಿಲ್ಲ. “ನನ್ನ ಬೆನ್ನನ್ನ ನಾನೇ ಎಷ್ಟು ಸಲ ನೋಡ್ಲೇ?” ಎಂದರು. ಅಭ್ಯರ್ಥಿ ಇಲ್ಲದೆ ತೋರಿಸುವುದಿಲ್ಲವೆಂದು ವಿವರಿಸಿದ ಮೇಲೆ ಸೀರೆ ಬದಲಿಸಿಕೊಂಡು ಹೊರಟರು. ಬೀರೂರಿನಲ್ಲಿ ಬಸ್ಸು ಬದಲಿಸುವಾಗಲೂ ಮಾತಾಡಲಿಲ್ಲ.

ಆಪರೇಟರು ಎರಡು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದರು.

“ಎಷ್ಟನೇ ನಿಮಿಷಕ್ಕೆ ಹಾಕ್ಲಿ ಮೇಡಂ?”

“ಸೊನ್ನೆಗೆ.”

“ಸೊನ್ನೇಲಿ ಏನಿರುತ್ತೆ? ಬರೀ ಬೆಂಚು.”

“ಬೆಂಚೇ ತೋರಿಸಿ.”

“ಎರಡೇ ಗಂಟೆ ಕೊಟ್ಟವ್ರೆ. ಬೆಂಚು ನೋಡ್ಕಂಡು ಕೂತು ಟೈಮ್ ಆಗೋಯ್ತು ಅಂತ ಆಮೇಲೆ ನನ್ನ ಅನ್ಬೇಡಿ, ಹ್ಞಾಂ.”

ಬೆಂಚುಗಳು ಬಂದವು. ಒಬ್ಬ ಹೆಂಗಸು ಕಸ ಗುಡಿಸಿದಳು. ಕ್ಯಾಮೆರಾದ ಸ್ವಂತ ಗಡಿಯಾರ ಕರೆಂಟು ಹೋದಾಗಲೆಲ್ಲ ಯಾವುದೋ ಹಳೆಯ ವರ್ಷಕ್ಕೆ ಮರಳುತ್ತಿತ್ತಾದ್ದರಿಂದ ಅದನ್ನು ಚಿತ್ರದ ಮೇಲೆ ಒಂದು ಕಪ್ಪು ಪಟ್ಟಿಯಿಂದ ಮುಚ್ಚಿದ್ದರು. ಪರದೆಯ ಮೇಲಿದ್ದ ಏಕೈಕ ಸಮಯವೆಂದರೆ ಪ್ರೋಗ್ರಾಂ ಮೂಡಿಸುತ್ತಿದ್ದ ಎಣಿಕೆ. ಆರನೆಯ ನಿಮಿಷಕ್ಕೆ ಮೇಲ್ವಿಚಾರಕರು ಬಂದು ಹಲಗೆಯ ಮೇಲೆ ವಿಷಯದ ಹೆಸರು ಬರೆದರು. ಎಂಟಕ್ಕೆ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಅತ್ತಿಗೆ ಬಂದು, ಬೆಂಚಿನ ಧೂಳನ್ನು ಕರವಸ್ತ್ರದಿಂದ ಒರೆಸಿ, ಕುಳಿತು, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಉತ್ತರಪತ್ರಿಕೆ ಹಂಚಿದರು. ಹತ್ತೊಂಬತ್ತಕ್ಕೆ ಪ್ರಶ್ನೆಪತ್ರಿಕೆಯ ಲಕೋಟೆ ಬಂತು. ಇಬ್ಬರು ಅಭ್ಯರ್ಥಿಗಳಿಂದ ಸಹಿ ಹಾಕಿಸಿ ಒಡೆದು, ಮಗುಚಿ ಹಂಚಿದರು. ಯಾರೂ ಮುಟ್ಟಲಿಲ್ಲ. ಎಲ್ಲರೂ ಕೈ ಕಟ್ಟಿ ಕುಳಿತಿದ್ದರು. ದಾಖಲೆಗೆ ಧ್ವನಿಯಿಲ್ಲ.

ಆಮೇಲೆ ಅಷ್ಟೂ ತಲೆಗಳು ಒಮ್ಮೆಲೇ ಬಾಗಿದವು.

ಎಣಿಕೆ ಇಪ್ಪತ್ತೆರಡು ನಿಮಿಷ ತೋರಿಸುತ್ತಿತ್ತು.

“ನಿಲ್ಲಿಸಿ,” ಎಂದೆ. “ಈಗ ಹೊಡೆದದ್ದು ಹತ್ತೂವರೆಯ ಗಂಟೆ ಅಲ್ವಾ?”

“ಹೂಂ, ಬರೆಯೋಕೆ ಶುರು ಮಾಡಿದ್ರಲ್ಲ.”

“ಗಂಟೆ ಹೊಡೆದ ಕೂಡಲೇ ಕ್ಯಾಮೆರಾ ಆನ್ ಮಾಡ್ಬೇಕು ಅಂತ ಆದೇಶ ಇದೆ. ಇಲ್ಲಿ ಇಪ್ಪತ್ತೆರಡು ನಿಮಿಷ ಮೊದಲೇ ಆನ್ ಆಗಿದೆ.”

ಅವರು ಪರದೆಯನ್ನು ನೋಡಿದರು, ಆಮೇಲೆ ಸೂರು ನೋಡಿದರು. “ಅವತ್ತು ಯಾವ ವಾರ?”

“ಶುಕ್ರವಾರ,” ಎಂದರು ಅತ್ತಿಗೆ. ಮನೆ ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು ಅದು.

“ಹಂಗಾರೆ ಸರೀನೇ ಬಿಡಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹುಟ್ಟುತ್ತೆ. ರಾಹುಕಾಲದಲ್ಲಿ ಯಾರಾದ್ರೂ ಮಿಷನ್ ಶುರು ಮಾಡ್ತಾರೇನಮ್ಮ? ಸೋಮವಾರದಿಂದ ಗುರುವಾರದವರೆಗೂ ಗಂಟೆ ಹೊಡೆದ ಮೇಲೇ ಆನ್ ಮಾಡಿದೀನಿ. ಶುಕ್ರವಾರ ಮಾತ್ರ ಮುಂಚೇನೇ ಒಂದು ಊದಿನಕಡ್ಡಿ ಹಚ್ಚಿ ಆನ್ ಮಾಡ್ಬಿಟ್ಟೆ. ಓಡ್ತಾ ಇರೋದಕ್ಕೆ ರಾಹುಕಾಲ ಇಲ್ಲ. ಶುರು ಮಾಡೋದಕ್ಕೆ ಮಾತ್ರ.”

“ಇದನ್ನ ಸಮಿತಿಗೆ ಹೇಳಿದ್ರಾ?”

“ಯಾರು ಕೇಳಿದ್ರು? ಐವತ್ತೆರಡಕ್ಕೆ ಹಾಕು ಅಂದ್ರು, ಹಾಕ್ದೆ.”

ಫೈಲಿನ ಐವತ್ತೆರಡನೆಯ ನಿಮಿಷವೆಂದರೆ ಪರೀಕ್ಷೆಯ ಮೂವತ್ತನೆಯ ನಿಮಿಷ. ಅಂದರೆ ಹನ್ನೊಂದು ಗಂಟೆ. ಅತ್ತಿಗೆಯ ವಾಚು ಹೇಳಿದ್ದೂ ಅದನ್ನೇ. ಹನ್ನೊಂದೂ ಇಪ್ಪತ್ತೆರಡನ್ನು ನೋಡಬೇಕೆಂದರೆ ಎಪ್ಪತ್ನಾಲ್ಕನೆಯ ನಿಮಿಷಕ್ಕೆ ಹೋಗಬೇಕಿತ್ತು. ಮೊದಲು ಐವತ್ತೆರಡಕ್ಕೆ ಹಾಕಿಸಿ, ಕಿಟಕಿಯನ್ನು ಇನ್ನೊಮ್ಮೆ ನೋಡಿಕೊಂಡು, ಕೀಬೋರ್ಡು ಕೇಳಿದೆ. ಅವರು ಕೊಟ್ಟರು. ಬೆರಳುಗಳು ನನ್ನವಲ್ಲವೆಂಬಂತೆ ನಾಲ್ಕು ಸಾವಿರದ ನಾನೂರ ನಲವತ್ತು ಎಂದು ಒತ್ತಿದೆ; ಕೊನೆಯ ಅಂಕಿಯನ್ನು ಮರೆತೆ. ಪ್ರೋಗ್ರಾಂ ಅದನ್ನು ‘ಇಲ್ಲಿಂದ ಅಷ್ಟು ಮುಂದಕ್ಕೆ’ ಎಂದು ತಿಳಿದು ಎರಡು ಗಂಟೆ ಆರು ನಿಮಿಷಕ್ಕೆ ಹಾರಿತು. ಅಲ್ಲಿ ಅತ್ತಿಗೆ ಹೆಚ್ಚುವರಿ ಹಾಳೆಗಾಗಿ ಕೈ ಎತ್ತಿದ್ದರು.

“ಎಷ್ಟೊಂದು ಬರ್ದಿದೀನಿ ನೋಡೇ,” ಎಂದರು ಪಕ್ಕದಲ್ಲಿದ್ದ ಅತ್ತಿಗೆ, ಬೇರೆ ಯಾರನ್ನೋ ನೋಡಿ ಹೇಳುವ ಹಾಗೆ.

ಎರಡನೆಯ ಸಲ ಸರಿಯಾಗಿ ಒತ್ತಿದೆ. ಎಪ್ಪತ್ಮೂರು ನಿಮಿಷ ಐವತ್ತೇಳು ಸೆಕೆಂಡಿಗೆ ನಿಂತು ಓಡತೊಡಗಿತು. ಅತ್ತಿಗೆ ತಲೆ ಎತ್ತದೆ ಬರೆಯುತ್ತಿದ್ದಾರೆ. ಅವರ ಪಕ್ಕದ ಕಿಟಕಿ ಮುಚ್ಚಿದೆ. ಅದನ್ನು ಇಪ್ಪತ್ತೆರಡು ನಿಮಿಷದ ಹಿಂದೆ ಅವರೇ ಮುಚ್ಚಿದ್ದರು. ನೀವು ಯಾವ ಕಿಟಕಿಯಿಂದ ಪ್ರಶ್ನೆಪತ್ರಿಕೆ ತೋರಿಸಲಾಯಿತು ಎಂದು ಬರೆದಿದ್ದೀರೋ ಆ ಕಿಟಕಿ ಆ ನಿಮಿಷದಲ್ಲಿ ತೆರೆದೇ ಇರಲಿಲ್ಲ. ಆ ಕೋಣೆಗೆ ಅದೇ ಮಾದರಿಯ ಕಂಬಿಗಳಿರುವ ಇನ್ನೂ ಮೂರು ಕಿಟಕಿಗಳಿವೆ. ಹಿಂಬದಿಯ ಎರಡು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಯಾರು ತೋರಿಸಿದರೆಂದು ನನಗೆ ಗೊತ್ತಿಲ್ಲ, ಊಹಿಸಲೂ ಹೋಗುವುದಿಲ್ಲ. ಒಂದು ಚಿತ್ರದಿಂದ ಒಬ್ಬರ ಮೇಲೆ ಊಹೆ ಹೊರಿಸಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಕಂಡಾಗಿದೆ.

ಆ ಕ್ಷಣದಲ್ಲಿ ಸಂತೋಷ ಉಕ್ಕಬೇಕಿತ್ತು. ನಾನು ಎಣಿಕೆಯನ್ನು ಚೀಟಿಯಲ್ಲಿ ಬರೆದುಕೊಂಡೆ. ಪೆನ್ನಿನ ಮುಚ್ಚಳ ಹಾಕಿದೆ. ಅತ್ತಿಗೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಪರೇಟರು ಮಾತ್ರ ಬೆವರುತ್ತಿದ್ದರು.

“ಇದನ್ನೆಲ್ಲ ಬರೀತೀರಾ ಮೇಡಂ?”

“ಬರೀಬೇಕು.”

“ರಾಹುಕಾಲ ಅಂತಾನೂ?”

ನಾನು ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

“ನಂದು ವರ್ಷ ವರ್ಷದ ಕಾಂಟ್ರಾಕ್ಟು. ದೊಡ್ಡ ಮಗಳು ಇಲ್ಲೇ ಮೊದಲನೇ ವರ್ಷಕ್ಕೆ ಸೇರವ್ಳೆ, ಇದೇ ಡಿಪ್ಲೊಮಾಗೆ. ಮತ್ತೆ...” ಅವರು ಧ್ವನಿ ತಗ್ಗಿಸಿದರು. “ಮುಂದಿನ ಪರೀಕ್ಷೆಗೆ ಮುಂಚೆ ಡಿಸ್ಕೆಲ್ಲ ಖಾಲಿ ಮಾಡು ಅಂತ ಹೇಳವ್ರೆ. ಏನ್ ಮಾಡೋದಿದ್ರೂ ಬೇಗ ಮಾಡಿ.”

ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆಗೂ ನನಗೂ ಜಗಳವಾಯಿತು. ನಮ್ಮಿಬ್ಬರ ನಡುವೆ ಅದು ಮೊದಲನೆಯದು.

“ಅವರ ಹೇಳಿಕೆ ಒಂದಿದ್ದರೆ ನಾಳೆಯೇ ಆದೇಶ ಹಿಂದಕ್ಕೆ ತಗೋಬೇಕಾಗುತ್ತೆ ಅತ್ತಿಗೆ.”

“ಆಮೇಲೆ ಅವರನ್ನ ಮನೆಗೆ ಕಳಿಸ್ತಾರೆ.”

“ತಪ್ಪು ಮಾಡಿದ್ದಾರಲ್ಲ?”

“ಊದಿನಕಡ್ಡಿ ಹಚ್ಚಿದ್ದು ತಪ್ಪಾ? ನೋಡ್ದೆ ಸಹಿ ಹಾಕಿದ್ದು ತಪ್ಪು. ನೀನು ದೊಡ್ಡದಾಗಿ ಓದಿದೀಯ, ಬೈಯೋಕೆ ಹೊರಟೋಳು ಸರಿಯಾದ ಜಾಗಕ್ಕೆ ಬೈಯೋದ ಕಲೀ ಕಣೇ.”

ನಾನು ಬಸ್ಸು ಹತ್ತಿದೆ. ಅವರ ಮಾತನ್ನು ಒಪ್ಪಿಯಲ್ಲ. ಬಸ್ಸು ಹೊರಟು ಊರ ಗಡಿ ದಾಟಿದ ಮೇಲೆ, ಅವರು ಹೇಳಿದ್ದರಲ್ಲಿ ಒಂದು ದಾರಿ ಇದೆಯೆಂದು ತೋರಿತು. ರಾಹುಕಾಲವನ್ನು ಹೇಳುವ ಅಗತ್ಯವೇ ಇಲ್ಲ. ಕ್ಯಾಮೆರಾ ಏಕೆ ಮೊದಲೇ ಆನ್ ಆಯಿತೆಂಬುದು ಬೇಡ. ಮೊದಲೇ ಆನ್ ಆಗಿದೆಯೆಂಬುದನ್ನು ದಾಖಲೆಯೇ ಹೇಳುತ್ತದೆ. ತಲೆಗಳು ಬಾಗಿದ್ದು ಇಪ್ಪತ್ತೆರಡನೆಯ ನಿಮಿಷಕ್ಕೆ. ಅದನ್ನು ನೋಡಲು ಯಾರ ಸಾಕ್ಷಿಯೂ ಬೇಕಿಲ್ಲ, ಕುಳಿತುಕೊಳ್ಳುವ ತಾಳ್ಮೆ ಬೇಕು. ಹಾಗೆಯೇ ಮೇಲ್ಮನವಿ ಬರೆದೆವು. ಆಪರೇಟರ ಪ್ರಸ್ತಾಪವಿಲ್ಲದೆ, ಒಂದೂವರೆ ಪುಟ. ಅತ್ತಿಗೆ ಎರಡು ಕಡೆ ವಿಶೇಷಣಗಳನ್ನು ಹೊಡೆದುಹಾಕಿಸಿದರು. “ಸೂಜಿ ಹಾಕುವಾಗ ಜಾಸ್ತಿ ಮಾತಾಡಬಾರದು” ಎಂದರು.

ನಿಮ್ಮ ಉತ್ತರ ಎರಡು ವಾಕ್ಯದಲ್ಲಿ ಬಂತು. ‘ಸ್ಥಾಯಿ ಆದೇಶದಂತೆ ದಾಖಲೀಕರಣವು ಪರೀಕ್ಷಾ ಗಂಟೆಯೊಂದಿಗೇ ಆರಂಭವಾಗುವುದರಿಂದ ತಮ್ಮ ವಾದವು ಊರ್ಜಿತವಲ್ಲ. ಮರುಪರಿಶೀಲನೆಗೆ ಅವಕಾಶವಿರುವುದಿಲ್ಲ.’ ಅಂದರೆ ಎರಡನೆಯ ಸಲವೂ ನೀವು ನೋಡಲಿಲ್ಲ. ಆದೇಶದಲ್ಲಿ ಗಂಟೆಯೊಂದಿಗೆ ಎಂದಿದೆ, ಆದ್ದರಿಂದ ಗಂಟೆಯೊಂದಿಗೇ ಆಗಿರಬೇಕು ಎಂದು ಕಾಗದದಿಂದ ಕಾಗದವನ್ನು ಪರಿಶೀಲಿಸಿದಿರಿ. ವಿಡಿಯೊ ಅದೇ ಕೋಣೆಯ ಮೂಲೆಯಲ್ಲಿತ್ತು.

ಆ ಪತ್ರ ಬಂದ ಸಂಜೆ ಅತ್ತಿಗೆಯ ಫೋನಿಗೆ ಆಪರೇಟರ ಕರೆ ಬಂತು. ಅತ್ತಿಗೆ ಅದನ್ನು ಸ್ಪೀಕರಿಗೆ ಹಾಕಿ, ಹುರುಳಿ ಆರಿಸುತ್ತಿದ್ದ ಮೊರದ ಪಕ್ಕ ಇಟ್ಟರು.

“ಪತ್ರ ಬಂತಾ ಅಮ್ಮ?”

“ಬಂತು ಅಣ್ಣ.”

“ಅದನ್ನ ಟೈಪ್ ಮಾಡಿದ್ದು ನಾನೇ. ಗಂಟೆಯೊಂದಿಗೇ ಆರಂಭವಾಗುವುದರಿಂದ ಅಂತ ನನ್ನ ಕೈಯಲ್ಲೇ ಹೊಡೆಸಿದ್ರು.” ಅತ್ತಿಗೆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. “ಮಗಳು ಊಟಕ್ಕೆ ಕೂತಾಗ ಕೇಳಿದ್ಳು, ಯಾಕಪ್ಪಾ ಅನ್ನ ಮುಟ್ತಿಲ್ಲ ಅಂತ. ಹೇಳ್ದೆ. ಅವಳು ಎದ್ದೋದ್ಳು. ನೀವು ಬರ್ಕೊಳ್ಳಿ. ರಾಹುಕಾಲ ಅಂತಾನೇ ಬರೀರಿ. ಅವತ್ತು ಆ ಮಿಷನ್ ಮುಟ್ಟಿದ್ದು ನಾನು, ಯಾವಾಗ ಮುಟ್ಟಿದೆ ಅಂತ ನನಗೆ ಗೊತ್ತು. ಯಾರು ಕೇಳಿದ್ರೂ ಹೇಳ್ತೀನಿ.”

“ಕೆಲಸ?” ಎಂದರು ಅತ್ತಿಗೆ.

“ನೋಡೋಣ ಬಿಡಿ.”

ಕರೆ ಮುಗಿಯಿತು. ಅತ್ತಿಗೆ ಮೊರವನ್ನು ಕೊಡವಿ ಕಲ್ಲುಗಳನ್ನು ಆಚೆ ಹಾಕಿದರು. “ಬರೀ,” ಎಂದರು ನನಗೆ. “ಆದ್ರೆ ಅವರಿಗೆ ಏನೂ ಆಗಬಾರದು ಅಂತಾನೂ ಬರೀ. ಅದನ್ನ ಕೊನೇಲಿ ಸಣ್ಣದಾಗಿ ಬರೀಬೇಡ.”

ಆದ್ದರಿಂದ ಸಮಿತಿಯ ಮೂವರು ಮಾನ್ಯ ಸದಸ್ಯರಲ್ಲಿ, ಅಭ್ಯರ್ಥಿಯಾದ ನನ್ನ ಅತ್ತಿಗೆಯ ಒಪ್ಪಿಗೆಯೊಂದಿಗೆ, ಈ ಕೆಳಗಿನಂತೆ ಕೇಳಿಕೊಳ್ಳುತ್ತಿದ್ದೇನೆ.

ಆ ಶುಕ್ರವಾರದ ದಾಖಲೆ ಇರುವ ಡಿಸ್ಕನ್ನು, ಈ ವಿಷಯ ಇತ್ಯರ್ಥವಾಗುವವರೆಗೆ ಅಳಿಸಬಾರದೆಂದು ಇಂದೇ ಲಿಖಿತ ಆದೇಶ ಹೊರಡಿಸಬೇಕು. ಕ್ಯಾಮೆರಾವನ್ನು ಮುಂಚಿತವಾಗಿ ಚಾಲೂ ಮಾಡಿದ ಕಾರಣಕ್ಕಾಗಲಿ, ಅದನ್ನು ಒಪ್ಪಿಕೊಂಡ ಕಾರಣಕ್ಕಾಗಲಿ ಆಪರೇಟರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದು. ಅವರು ಸಮಿತಿ ಹೇಳಿದ ನಿಮಿಷಕ್ಕೆ ಚಿತ್ರವನ್ನು ಹಾಕಿದರು, ಯಾವ ನಿಮಿಷವೆಂದು ತಿಳಿದುಕೊಳ್ಳುವ ಹೊಣೆ ನಿಮ್ಮದಾಗಿತ್ತು. ಮೂವರೂ ಕುಳಿತು, ಅತ್ತಿಗೆಯ ಎದುರಿನಲ್ಲಿ, ದಾಖಲೆಯನ್ನು ಸೊನ್ನೆಯಿಂದ ಓಡಿಸಬೇಕು. ಅಭ್ಯರ್ಥಿಗಳು ಬರೆಯಲು ಆರಂಭಿಸುವವರೆಗೆ ಯಾರೂ ಕೀಬೋರ್ಡನ್ನು ಮುಟ್ಟಬಾರದು. ಅವರು ಬರೆಯಲು ಆರಂಭಿಸಿದ ಎಣಿಕೆಯನ್ನು ನಡಾವಳಿಯಲ್ಲಿ ನಮೂದಿಸಿ, ಅಲ್ಲಿಂದ ಐವತ್ತೆರಡು ನಿಮಿಷ ಮುಂದಿನ ದೃಶ್ಯವನ್ನು ನೋಡಿ, ಆಗ ಆ ಕಿಟಕಿ ತೆರೆದಿತ್ತೇ ಮುಚ್ಚಿತ್ತೇ ಎಂಬುದಕ್ಕೆ ಹೌದು ಅಥವಾ ಇಲ್ಲವೆಂದು ಉತ್ತರಿಸಬೇಕು. ಮುಚ್ಚಿತ್ತೆಂದಾದಲ್ಲಿ ನಿಷೇಧದ ಆದೇಶವನ್ನು ರದ್ದುಪಡಿಸಿ, ತಡೆಹಿಡಿದ ಫಲಿತಾಂಶವನ್ನು ಪ್ರಕಟಿಸಿ, ‘ಕೂಲಂಕಷವಾಗಿ ಪರಿಶೀಲಿಸಲಾಗಿ’ ಎಂದು ಬರೆದ ವಾಕ್ಯಕ್ಕೆ ಯಾರು ಹೊಣೆಯೆಂಬುದನ್ನು ಹೆಸರು ಹಾಕಿ ತಿಳಿಸಬೇಕು.

ಉತ್ತರವನ್ನು ದಯವಿಟ್ಟು ನನಗಲ್ಲ, ಅತ್ತಿಗೆಯ ಹೆಸರಿಗೆ, ಅಜ್ಜಂಪುರದ ವಿಳಾಸಕ್ಕೆ, ನೋಂದಾಯಿತ ಅಂಚೆಯಲ್ಲಿ ಕಳುಹಿಸತಕ್ಕದ್ದು.